ಹಿನ್ನೀರಿನ ದಂಡೆಯಲ್ಲಿ ಒಂದು ರಾತ್ರಿ, ಬೆಳಿಗ್ಗೆ ಗುಡ್ಡ: ಬೆಳಗಾವಿ ಸೀಮೆಯಲ್ಲಿ ಟೆಂಟ್ ಹಾಕುವವರಿಗೆ

ಬೆಳಗಾವಿಯವರಿಗೆ ಗುಡ್ಡ, ನೀರು ಎರಡೂ ಮನೆ ಹತ್ತಿರವೇ ಇವೆ. ನೈಋತ್ಯಕ್ಕೆ ಹೋದರೆ ಖಾನಾಪುರದ ಕಾಡು, ಸಹ್ಯಾದ್ರಿಯ ಅಂಚು. ಉತ್ತರಕ್ಕೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ. ಪೂರ್ವಕ್ಕೆ ಸವದತ್ತಿ ಹತ್ತಿರದ ನವಿಲುತೀರ್ಥ. ಆದರೂ ಟೆಂಟ್ ಹಾಕೋಣ ಅಂದಕೂಡಲೇ ನಮ್ಮ ಹುಡುಗರು ಚಿಕ್ಕಮಗಳೂರು, ಕೊಡಗು ಅಂತ ಹುಡುಕುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಮನೆ ಬಿಟ್ಟು ಭಾನುವಾರ ಸಂಜೆ ವಾಪಸ್ ಬರುವಷ್ಟರಲ್ಲಿ ಒಂದು ರಾತ್ರಿ ನೀರಿನ ದಂಡೆಯಲ್ಲಿ ಮಲಗಿ, ಒಂದು ಗುಡ್ಡ ಹತ್ತಿ ಇಳಿಯಬಹುದು.

ನಾನು ಹೇಳುತ್ತಿರುವುದು ರೆಸಾರ್ಟ್ ಟೆಂಟ್ ಅಲ್ಲ. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಪಾಯಖಾನೆ ಇಲ್ಲ, ಅಂಗಡಿ ಇಲ್ಲ. ಎಲ್ಲ ನೀವೇ ಹೊತ್ತುಕೊಂಡು ಹೋಗಬೇಕು, ವಾಪಸ್ ನೀವೇ ತರಬೇಕು. ಹಾಗೆ ಹೋಗುವವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ನೀರು ಕಾಣುವಷ್ಟು ಹತ್ತಿರ ಇರಿ, ನೀರಿಗೆ ಹತ್ತಿಕೊಂಡು ಇರಬೇಡಿ. ಮುಂದೆ ಬರುವ ಹೆಚ್ಚಿನ ಸಲಹೆಗಳು ಇದರಿಂದಲೇ ಬಂದಿವೆ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಜಲಾಶಯ ಇನ್ನೂ ತುಂಬಿಕೊಂಡಿರುತ್ತದೆ, ಬಿಸಿಲು ತಡೆದುಕೊಳ್ಳುವಂತೆ ಇರುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 12–14 ಡಿಗ್ರಿಗೆ ಇಳಿಯುತ್ತದೆ, ಕೆಲವು ರಾತ್ರಿ ಇನ್ನೂ ಕೆಳಗೆ. ನೀರಿನ ಪಕ್ಕದಲ್ಲಿ ಅದು ಇನ್ನೂ ಜಾಸ್ತಿ ಕೊರೆಯುತ್ತದೆ.

ಮಳೆಗಾಲದಲ್ಲಿ ಬೇಡವೇ ಬೇಡ. ಜುಲೈ, ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಸುರಿದ ಮಳೆ ಒಂದೇ ರಾತ್ರಿಯಲ್ಲಿ ಹೊಳೆಯನ್ನೂ ಹಿನ್ನೀರನ್ನೂ ಏರಿಸಿಬಿಡುತ್ತದೆ. ನಿಮ್ಮ ತಲೆ ಮೇಲೆ ಒಂದು ಹನಿ ಬಿದ್ದಿರಬೇಕು ಅಂತಿಲ್ಲ. ಖಾನಾಪುರದ ಜಲಪಾತಗಳ ಕಡೆಗೂ ಆ ದಿನಗಳಲ್ಲಿ ಹೋಗುವುದು ಅಪಾಯ, ಬಹಳ ಸಲ ನಿಷೇಧವೂ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಗಾಳಿ ಎದ್ದು ಸಿಡಿಲು ಹೊಡೆಯುತ್ತದೆ. ಬಯಲು ದಂಡೆಯಲ್ಲಿ ಟೆಂಟಿನ ಕಂಬವೇ ಎಲ್ಲಕ್ಕಿಂತ ಎತ್ತರದ ವಸ್ತುವಾಗಿ ನಿಲ್ಲುತ್ತದೆ. ಆಗ ಟೆಂಟಿನಲ್ಲಿ ಕೂರಬಾರದು, ಒಂಟಿ ಮರದ ಕೆಳಗೂ ನಿಲ್ಲಬಾರದು. ಗಾಡಿಯೊಳಗೆ ಹೋಗಿ ಕುಳಿತುಬಿಡಿ.

ಎಲ್ಲಿ, ಮತ್ತು ಯಾರನ್ನು ಕೇಳಿ

ಈ ಹಂತವನ್ನೇ ಜನ ಬಿಟ್ಟುಬಿಡುತ್ತಾರೆ. ಖಾಲಿ ಕಂಡ ನೆಲವೆಲ್ಲ ಯಾರದ್ದೂ ಅಲ್ಲ ಅಂದುಕೊಳ್ಳುತ್ತಾರೆ. ಹಾಗಿಲ್ಲ.

ಖಾನಾಪುರದ ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾದದ್ದು, ಸುಮಾರು 190 ಚದರ ಕಿಲೋಮೀಟರ್. ಹುಲಿ, ಕರಡಿ, ಕಾಡುಕೋಣ ಇರುವ ಕಾಡು. ರಾಟನ್ಸ್ ಬಾವಲಿ ಎಂಬ ಅಪರೂಪದ ಬಾವಲಿ ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಇದೆ. ಅನುಮತಿ ಇಲ್ಲದೆ ಇದರೊಳಗೆ ಕಾಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಟೆಂಟ್ ಹಾಕಿ ಬೆಂಕಿ ಹಚ್ಚುವ ಮಾತೇ ಇಲ್ಲ. ಕಾಡಿನಲ್ಲಿಯೇ ರಾತ್ರಿ ಕಳೆಯಬೇಕು ಅನ್ನುವವರಿಗೆ ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಇದೆ. ಚಾರಣಕ್ಕೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ತೆರೆದಿರುವ ದಾರಿಗಳನ್ನು ನೋಡಿ, ಅಲ್ಲೇ ಮುಂಗಡ ಟಿಕೆಟ್ ಮಾಡಿಸಿ. ಪಟ್ಟಿಯಲ್ಲಿ ಇಲ್ಲದ ದಾರಿಗೆ ‘ಲೋಕಲ್ ಹುಡುಗ ಕರೆದುಕೊಂಡು ಹೋಗುತ್ತಾನೆ’ ಅಂತ ನುಗ್ಗಬೇಡಿ. ಸಿಕ್ಕಿಬಿದ್ದರೆ ಕೇಸು ಆ ಹುಡುಗನ ಮೇಲೂ ಬೀಳುತ್ತದೆ.

ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯ ಬಹಳ ಚೆಂದದ ಜಾಗ, ಊರಿಗೂ ಹತ್ತಿರ. ಆದರೆ ಬೆಳಗಾವಿ ನಗರ ಕುಡಿಯುವ ನೀರಿನ ಒಂದು ಪಾಲು ಅಲ್ಲಿಂದಲೇ ಬರುತ್ತದೆ. ಅಲ್ಲಿ ಕ್ಯಾಂಪ್ ಬೇಡ.

ಹಾಗಾದರೆ ಎಲ್ಲಿ? ಮೊದಲ ಸಲ ಹೋಗುವವರಿಗೆ ನಾನು ಹಿಡಕಲ್ ಹಿನ್ನೀರಿನ ಕಡೆಯ ಹಳ್ಳಿಗಳನ್ನೇ ಹೇಳುತ್ತೇನೆ. ಘಟಪ್ರಭಾ ನದಿಗೆ ಕಟ್ಟಿದ ಈ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಹಿನ್ನೀರು ಗುಡ್ಡಗಳ ನಡುವೆ ಬೆರಳು ಬೆರಳಾಗಿ ಹಬ್ಬಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಹೊರಗೆ ಕಾಣುತ್ತದೆ, ಜನ ಹುಡುಕಿಕೊಂಡು ದರ್ಶನಕ್ಕೆ ಹೋಗುತ್ತಾರೆ. ಆಣೆಕಟ್ಟು, ಗೇಟು, ಕಾಲುವೆಯ ಸುತ್ತಮುತ್ತ ಮಾತ್ರ ಟೆಂಟ್ ಹಾಕುವ ಯೋಚನೆ ಬೇಡ. ಅದು ನೀರಾವರಿ ನಿಗಮದ ಕಾವಲಿರುವ ಜಾಗ.

ಸರಿಯಾದ ದಾರಿ ಎಂದರೆ ದಂಡೆಯಿಂದ ಮೇಲಿರುವ ಯಾರದಾದರೂ ಹೊಲ. ವಾರ ಮೊದಲೇ ಒಂದು ಹಗಲು ಹೋಗಿ ಬನ್ನಿ. ಹೊಲದವರನ್ನು ಕಂಡು ಎಷ್ಟು ಮಂದಿ, ಎಷ್ಟು ಗಾಡಿ, ಹೆಣ್ಣುಮಕ್ಕಳು ಇರುತ್ತಾರೋ ಇಲ್ಲವೋ ಎಲ್ಲ ನೇರವಾಗಿ ಹೇಳಿ. ಪೈರು ಕೊಯ್ದ ಹೊಲವೋ, ಬಿತ್ತಿದ ಹೊಲವೋ ನೋಡಿ. ಕುಡಿಯುವುದಿಲ್ಲ, ಸ್ಪೀಕರ್ ಹಚ್ಚುವುದಿಲ್ಲ ಅಂತ ನೀವೇ ಮೊದಲು ಹೇಳಿ. ಹಳ್ಳಿಯವರಿಗೆ ಇರುವ ಅಂಜಿಕೆ ಅದೇ, ಅದಕ್ಕೆ ಕಾರಣವೂ ಇದೆ. ಜಾಗಕ್ಕೆ ಇಷ್ಟು ಅಂತ ದುಡ್ಡು ಕೊಡಿ. ಅವರು ಬೇಡ ಅಂದರೆ ರೊಟ್ಟಿ, ಹಾಲು, ಕಟ್ಟಿಗೆ ಅವರಿಂದಲೇ ಕೊಂಡುಕೊಳ್ಳಿ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ, ನಿಮ್ಮದನ್ನೂ ಕೊಡಿ. ರಾತ್ರಿ ಏನಾದರೂ ಆದರೆ ಮೊದಲು ಬರುವವರು ಅವರೇ, ಅಲ್ವಾ?

ಬಾಗಲಕೋಟೆ, ವಿಜಯಪುರದವರಿಗೆ ಆಲಮಟ್ಟಿ ಹಿನ್ನೀರು ಹತ್ತಿರ. ಕೃಷ್ಣೆಯಲ್ಲಿ ಮೊಸಳೆ ಇವೆ, ಆದ್ದರಿಂದ ಅಲ್ಲಿ ದಂಡೆಯಿಂದ ಇನ್ನೂ ದೂರ ಇರಬೇಕು. ಬಾದಾಮಿಯ ಅಗಸ್ತ್ಯ ತೀರ್ಥದ ಸುತ್ತ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಿವೆ, ಅಲ್ಲಿ ಟೆಂಟ್ ಹಾಕುವಂತಿಲ್ಲ. ಊರಲ್ಲಿ ಲಾಡ್ಜ್ ಮಾಡಿ, ನಸುಕಿನಲ್ಲಿ ಎದ್ದು ಗುಡ್ಡದ ಮೇಲಿನ ಹಳೆಯ ಕಾಲುದಾರಿ ಹಿಡಿದು ಮಹಾಕೂಟಕ್ಕೆ ನಡೆಯಿರಿ. ಅಲ್ಲಿ ಊಟೆ ನೀರಿನ ಪುಷ್ಕರಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ದಣಿವು ಇಳಿಯುತ್ತದೆ. ಕೆಂಪು ಬಂಡೆ 10 ಗಂಟೆಗೆಲ್ಲ ಕಾದು ಹೋಗುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ.

ಏನು ಒಯ್ಯಬೇಕು

ಟೆಂಟಿಗೆ ಹೊರ ಹೊದಿಕೆ ಇರಲಿ, ತಳ ಪೂರ್ತಿ ಹೊಲಿದಿರಲಿ. ಕೆಳಗೆ ಹಾಸಲು ಒಂದು ತಾಡಪತ್ರಿ. ಅದು ಟೆಂಟಿನ ತಳಕ್ಕಿಂತ ಒಂದು ಗೇಣು ಸಣ್ಣದಾಗಿರಬೇಕು. ಹೊರಗೆ ಚಾಚಿಕೊಂಡರೆ ಇಬ್ಬನಿಯೆಲ್ಲ ಅದರ ಮೇಲೆ ಇಳಿದು ನಿಮ್ಮ ಕೆಳಗೇ ಬರುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗ್ ಇಲ್ಲದಿದ್ದರೂ ನಡೆಯುತ್ತದೆ. ಕೆಳಗೆ ದಪ್ಪ ಕೌದಿ, ಮೇಲೆ ಕಂಬಳಿ. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಜಾಸ್ತಿ ಏರುತ್ತದೆ, ಹಾಗಾಗಿ ಹೊದಿಕೆ ಒಂದೇ ಇದ್ದರೂ ಪರವಾಗಿಲ್ಲ, ಹಾಸಿಗೆ ಎರಡಿರಲಿ.

ತಲೆಗೆ ಕಟ್ಟುವ ಬ್ಯಾಟರಿ ಒಬ್ಬೊಬ್ಬರಿಗೆ ಒಂದು. ಕಿವಿ ಮುಚ್ಚುವ ಟೋಪಿ, ಉದ್ದ ತೋಳಿನ ಅಂಗಿ, ಎರಡು ಜೊತೆ ಸಾಕ್ಸ್, ಸೀಟಿ, ಚಾಕು, ಹಗ್ಗ, ಬೆಂಕಿಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಔಷಧ ಡಬ್ಬಿಯಲ್ಲಿ ಓಆರ್‌ಎಸ್, ಪ್ಯಾರಾಸಿಟಮಾಲ್, ಬ್ಯಾಂಡೇಜ್, ಸೊಳ್ಳೆ ಮುಲಾಮು, ಚಿಮಟಿಗೆ. ಇಷ್ಟು ಸಾಕು.

ಟೆಂಟ್ ಹಾಕುವ ನೆಲ

ಇಲ್ಲಿ ಅವಸರ ಬೇಡ. ಕತ್ತಲಾಗುವ ಎರಡು ಗಂಟೆ ಮೊದಲೇ ತಲುಪಿ. ಡಿಸೆಂಬರ್‌ನಲ್ಲಿ ಸಂಜೆ 6 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಅಂದರೆ 4ಕ್ಕೆ ನೀವು ಹೊಲದಲ್ಲಿ ಇರಬೇಕು.

ಮೊದಲು ದಂಡೆಗೆ ಇಳಿದು ನೀರಿನ ಗುರುತು ನೋಡಿ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅಂತ ನೆಲವೇ ಹೇಳುತ್ತದೆ. ಒಣ ಕಡ್ಡಿ, ಪ್ಲಾಸ್ಟಿಕ್ ಬಾಟಲಿ, ಹರಿದ ಬಲೆ ಒಂದು ಗೆರೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಆ ಗೆರೆಗಿಂತ ಮೇಲೆ ನಿಮ್ಮ ಟೆಂಟ್. ನೀರಿನಿಂದ ಕನಿಷ್ಠ 60 ಮೀಟರ್, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 80 ಹೆಜ್ಜೆ ದೂರ ಇರಲಿ.

ಇದಕ್ಕೆ ನೀರು ಏರುವುದೊಂದೇ ಕಾರಣ ಅಲ್ಲ. ರಾತ್ರಿ ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನೀರಿನ ಅಂಚಿನಲ್ಲಿ ನಿಲ್ಲುತ್ತದೆ. ನಾಲ್ಕೈದು ಮೀಟರ್ ಎತ್ತರಕ್ಕೆ ಬಂದರೂ ಚಳಿ, ಇಬ್ಬನಿ, ಸೊಳ್ಳೆ ಮೂರೂ ಕಡಿಮೆಯಾಗುತ್ತವೆ. ದನಕರು, ನರಿ, ಕಾಡುಹಂದಿ ನೀರಿಗೆ ಇಳಿಯುವ ದಾರಿಯೂ ದಂಡೆಯಲ್ಲೇ ಇರುತ್ತದೆ. ಗೊರಸಿನ ಗುರುತು ತುಂಬಿದ ಕಾಲುದಾರಿ ಕಂಡರೆ ಅದರ ಮೇಲೆ ಟೆಂಟ್ ಹಾಕಬೇಡಿ. ಆಚೆ ಈಚೆ ಇಪ್ಪತ್ತು ಹೆಜ್ಜೆ ಬಿಟ್ಟು ಹಾಕಿ.

ಇಳಿದ ಹಿನ್ನೀರಿನ ತಳ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ. ಒಳಗೆ ಮೊಣಕಾಲುದ್ದ ಕೆಸರು ಇರಬಹುದು. ಬೈಕ್, ಕಾರು ಅಲ್ಲಿಗೆ ಇಳಿಸಲೇಬೇಡಿ. ಟ್ರ್ಯಾಕ್ಟರ್ ತಂದು ಎಳೆಸುವ ಹೊತ್ತಿಗೆ ನಿಮ್ಮ ಭಾನುವಾರ ಮುಗಿದಿರುತ್ತದೆ.

ಇನ್ನು ಮಣ್ಣು. ನಮ್ಮ ಕಡೆ ಎರೆ ಅಂದರೆ ಕಪ್ಪು ಮಣ್ಣು, ಮಸಾರಿ ಅಂದರೆ ಕೆಂಪು ಮಣ್ಣು ಎರಡೂ ಇವೆ. ಆಯ್ಕೆ ಸಿಕ್ಕರೆ ಕಣ್ಣು ಮುಚ್ಚಿ ಮಸಾರಿ ಆರಿಸಿಕೊಳ್ಳಿ. ಎರೆ ಒಣಗಿದರೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಲಿ, ಚೇಳು, ಹಾವು ಇರುತ್ತವೆ, ಗೂಟವೂ ನಿಲ್ಲುವುದಿಲ್ಲ. ಒಂದು ಜೋರು ಮಳೆ ಬಿದ್ದರೆ ಕಾಲಿಗೆ ಹತ್ತಿ ಚಪ್ಪಲಿ ಸಮೇತ ಹಿಡಿದುಕೊಳ್ಳುತ್ತದೆ, ಗಾಡಿ ಹೊರಗೆ ಬರುವುದಿಲ್ಲ. ಮಸಾರಿಯಲ್ಲಿ ನೀರು ಬೇಗ ಇಂಗುತ್ತದೆ, ಗೂಟ ಗಟ್ಟಿ ಕೂರುತ್ತದೆ. ಸ್ವಲ್ಪ ಕಲ್ಲು ಆರಿಸಬೇಕಾಗುತ್ತದೆ, ಅಷ್ಟೇ.

ಬದುವಿನ ಕಲ್ಲು ಗುಡ್ಡೆ, ಹುತ್ತ, ಕಣಿಕೆ ಬಣವೆ, ಕಬ್ಬಿನ ಗದ್ದೆಯ ಅಂಚು, ಇವುಗಳಿಂದ ದೂರ ಸರಿಯಿರಿ. ಕಬ್ಬು ಚಿರತೆಗೂ ಅಡಗುತಾಣ. 2022ರ ಆಗಸ್ಟ್‌ನಲ್ಲಿ ಬೆಳಗಾವಿ ನಗರದೊಳಗಿನ ಗಾಲ್ಫ್ ಮೈದಾನದಲ್ಲೇ ಚಿರತೆ ಸೇರಿಕೊಂಡು ವಾರಗಟ್ಟಲೆ ಸಿಗದೆ ಹೋಗಿತ್ತು. ಹಳ್ಳಿಯಲ್ಲಿ ‘ಇತ್ತೀಚೆಗೆ ಏನಾದರೂ ಓಡಾಡುತ್ತಿದೆಯಾ’ ಅಂತ ಕೇಳಿಯೇ ಜಾಗ ಗೊತ್ತು ಮಾಡಿ. ಒಣ ಕೊಂಬೆ ಇರುವ ಮರದ ಕೆಳಗೆ ಬೇಡ. ಹೆಜ್ಜೇನು ಕಟ್ಟಿದ ಮರದ ಹತ್ತಿರವಂತೂ ಬೇಡ.

ಕೊನೆಗೆ ನೆಲದ ಮೇಲೆ ಒಮ್ಮೆ ಮಲಗಿ ನೋಡಿ. ತಲೆ ಕಡೆ ಸ್ವಲ್ಪ ಎತ್ತರ ಇರಲಿ. ಬಾಗಿಲು ಗಾಳಿಗೆ ಎದುರಾಗಿ ಬೇಡ. ಪೂರ್ವಕ್ಕೆ ಮುಖ ಮಾಡಲು ಆದರೆ ಬೆಳಗಿನ ಬಿಸಿಲಿಗೆ ಟೆಂಟ್ ಬೇಗ ಒಣಗುತ್ತದೆ.

ನೀರು: ಕುಡಿಯಲು, ತೊಳೆಯಲು, ಈಜಲು

ಎದುರಿಗೆ ಇಷ್ಟು ನೀರಿದ್ದರೂ ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಒಬ್ಬರಿಗೆ ದಿನಕ್ಕೆ ಅಡುಗೆ ಸೇರಿ 4–5 ಲೀಟರ್ ಲೆಕ್ಕ ಹಿಡಿಯಿರಿ. ಜಲಾಶಯಕ್ಕೆ ಹೊಲದ ಗೊಬ್ಬರ, ಔಷಧಿ, ಊರಿನ ಚರಂಡಿ ಎಲ್ಲ ಹರಿದು ಬರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಕೀಟನಾಶಕ ಹೋಗುವುದಿಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಹಳ್ಳಿಯ ಬೋರಿನ ನೀರು ತಂದು, ಬಟ್ಟೆಯಲ್ಲಿ ಸೋಸಿ, ಕೊತ ಕೊತ ಒಂದು ನಿಮಿಷ ಕುದಿಸಿ ಕುಡಿಯಿರಿ. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು.

ಪಾತ್ರೆ ನೀರಿನಲ್ಲಿ ಇಳಿಸಿ ತೊಳೆಯಬೇಡಿ. ಕೊಡದಲ್ಲಿ ನೀರು ಮೇಲಕ್ಕೆ ತಂದು, ಬೂದಿಯಿಂದ ತಿಕ್ಕಿ, ಆ ನೀರನ್ನು ದಂಡೆಯಿಂದ ದೂರದ ಮಣ್ಣಿಗೆ ಚೆಲ್ಲಿ. ಶೌಚಕ್ಕೂ ಅದೇ 80 ಹೆಜ್ಜೆಯ ಲೆಕ್ಕ. ಒಂದು ಗೇಣು ಆಳ ತೆಗ್ಗು ತೋಡಿ, ಆಮೇಲೆ ಮುಚ್ಚಿ. ಹೆಣ್ಣುಮಕ್ಕಳು ಇದ್ದರೆ ನಾಲ್ಕು ಕೋಲು, ಹಳೆ ಸೀರೆಯಿಂದ ಒಂದು ಮರೆ ಹಗಲಲ್ಲೇ ಕಟ್ಟಿಬಿಡಿ. ಇದನ್ನು ಕತ್ತಲಾದ ಮೇಲೆ ಯೋಚಿಸುವುದು ಅವರಿಗೆ ಮಾಡುವ ಅನ್ಯಾಯ. ಸ್ಯಾನಿಟರಿ ಪ್ಯಾಡ್ ಹೂಳಬಾರದು, ಕಾಗದದಲ್ಲಿ ಸುತ್ತಿ ಚೀಲದಲ್ಲಿ ವಾಪಸ್ ತನ್ನಿ.

ಈಜು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ನಿಮಗೆ ಎಷ್ಟೇ ಚೆನ್ನಾಗಿ ಈಜು ಬಂದರೂ. ಜಲಾಶಯದ ಕೆಳಗೆ ಮುಳುಗಿದ ಊರುಗಳಿವೆ. ಹಳೆ ಬಾವಿ, ಗೋಡೆ, ಮರದ ಬೊಡ್ಡೆ ಮೇಲಿಂದ ಕಾಣುವುದಿಲ್ಲ. ಎರಡು ಹೆಜ್ಜೆ ಮೊಣಕಾಲುದ್ದ ಇದ್ದದ್ದು ಮೂರನೆಯದಕ್ಕೆ ಆಳಕ್ಕೆ ಇಳಿಯುತ್ತದೆ. ಮೀನುಗಾರರ ಬಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಸೆಲ್ಫಿ ತೆಗೆಯಲು ಬಂಡೆಯ ತುದಿಗೆ ಹೋಗುವವರನ್ನೂ ತಡೆಯಿರಿ.

ಬುತ್ತಿ ಮತ್ತು ಬೆಂಕಿ

ಮೊದಲ ರಾತ್ರಿ ದೊಡ್ಡ ಅಡುಗೆ ಮಾಡುವ ಉಮೇದು ಬೇಡ. ನಮ್ಮ ಉತ್ತರ ಕರ್ನಾಟಕದ ಬುತ್ತಿಗಿಂತ ಒಳ್ಳೆಯ ಕ್ಯಾಂಪ್ ಊಟ ಇನ್ನೊಂದಿಲ್ಲ ಅಂತ ನಾನು ಅಭಿಮಾನದಿಂದಲೇ ಹೇಳುತ್ತೇನೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ರಂಜಕ, ಹಸಿ ಉಳ್ಳಾಗಡ್ಡಿ. ಮೊಸರು ಹಳ್ಳಿಯಲ್ಲೇ ಸಿಗುತ್ತದೆ. ಸಿಹಿಗೆ ಮಾದಲಿ, ಬೆಳಿಗ್ಗೆ ಗುಡ್ಡ ಹತ್ತುವಾಗ ಜೇಬಿನಲ್ಲಿ ಗೋಕಾಕದ ಕರದಂಟು. ಇದಕ್ಕೆ ಒಲೆಯೇ ಬೇಕಿಲ್ಲ. ಚಹಾ, ಅನ್ನಕ್ಕೆ ಒಂದು ಸಣ್ಣ ಗ್ಯಾಸ್ ಒಲೆ ಸಾಕು.

ಬೆಂಕಿ ಹಾಕಲೇಬೇಕಿದ್ದರೆ ಹೊಲದವರನ್ನು ಕೇಳಿ, ಬರಿ ಮಣ್ಣಿನ ಮೇಲೆ, ಮೂರು ಕಲ್ಲಿಟ್ಟು ಸಣ್ಣದಾಗಿ. ಸುತ್ತ ಎರಡು ಮಾರು ಹುಲ್ಲು ಕೆತ್ತಿ ತೆಗೆಯಿರಿ. ಜನವರಿ ದಾಟಿದರೆ ಗುಡ್ಡದ ಕರಡದ ಹುಲ್ಲು ಪೂರ್ತಿ ಒಣಗಿರುತ್ತದೆ. ಒಂದು ಕಿಡಿ ಹಾರಿದರೆ ಗುಡ್ಡವೂ ಹೋಗುತ್ತದೆ, ಪಕ್ಕದ ಕಬ್ಬೂ ಹೋಗುತ್ತದೆ. ಹಸಿ ಮರ ಕಡಿಯಬೇಡಿ. ಮಲಗುವ ಮೊದಲು ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಬೂದಿ ಕೈಗೆ ತಣ್ಣಗೆ ಹತ್ತುವವರೆಗೆ. ಚಳಿ ಅಂತ ಕೆಂಡದ ಬುಟ್ಟಿಯನ್ನು ಟೆಂಟಿನೊಳಗೆ ಯಾವತ್ತೂ ಇಟ್ಟುಕೊಳ್ಳಬೇಡಿ. ಅದರ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ಗೊತ್ತಾಗದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮಲಗಿದವರು ಏಳುವುದಿಲ್ಲ.

ರಾತ್ರಿ

ಉಳಿದ ಊಟವನ್ನು ಡಬ್ಬಿಗೆ ಹಾಕಿ ಗಾಡಿಯಲ್ಲಿ ಇಡಿ. ಬೂಟು ಟೆಂಟಿನ ಒಳಗೆ ಇರಲಿ, ಬೆಳಿಗ್ಗೆ ಕೊಡವಿಯೇ ಹಾಕಿಕೊಳ್ಳಿ. ಜಿಪ್ ಯಾವಾಗಲೂ ಪೂರ್ತಿ ಎಳೆದಿರಲಿ, ಆದರೆ ಮೇಲಿನ ಗಾಳಿ ಕಿಂಡಿ ತೆರೆದಿಡಿ. ಇಲ್ಲದಿದ್ದರೆ ಉಸಿರಿನ ತೇವವೇ ಒಳಗೆ ಹನಿ ಹನಿಯಾಗಿ ಬೀಳುತ್ತದೆ.

ಬಯಲಲ್ಲಿ ಸುಮ್ನೆ ಚಾಪೆ ಹಾಸಿ ಮಲಗುವವರಿಗೆ ಒಂದು ಎಚ್ಚರಿಕೆ. ಕಟ್ಟು ಹಾವು ರಾತ್ರಿ ಓಡಾಡುತ್ತದೆ, ಮಲಗಿದವರನ್ನು ಕಚ್ಚುತ್ತದೆ. ಬಹಳ ಸಲ ಕಚ್ಚಿದ ಜಾಗ ನೋಯುವುದೂ ಇಲ್ಲ, ಊದುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಭಾರ, ಮಾತು ತೊದಲು ಅಂದರೆ ಅದನ್ನೇ ಅನುಮಾನಿಸಿ. ಯಾವ ಹಾವು ಕಚ್ಚಿದರೂ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ ತೆಗೆಯಿರಿ, ಕೈಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಒಯ್ಯಿರಿ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ, ಅಲ್ಲಿಗೆ ಹೋಗಲು ಎಷ್ಟು ಹೊತ್ತು ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಒಂದು ಗಾಡಿಯ ಮುಖ ರಸ್ತೆ ಕಡೆಗೆ ತಿರುಗಿಸಿ ನಿಲ್ಲಿಸಿ.

ಬೆಳಿಗ್ಗೆ ಗುಡ್ಡ

ಹಿಡಕಲ್ ಕಡೆ ಇದ್ದರೆ ಸಂಕೇಶ್ವರ ಹತ್ತಿರದ ಹರಗಾಪುರದ ವಲ್ಲಭಗಡ ಒಳ್ಳೆಯ ಏರು. ಸಣ್ಣ ಕೋಟೆ, ಮಕ್ಕಳೂ ಹತ್ತಬಹುದು. ಇಂಥ ಯಾತ್ರೆಗೆ ಮೊದಲು ಕಾಲು ಪಳಗಿಸಬೇಕು ಅನ್ನುವವರು ಬೆಳಗಾವಿಯ ಪಕ್ಕದ ಯಳ್ಳೂರಿನ ರಾಜಹಂಸಗಡಕ್ಕೆ ಒಂದೆರಡು ಭಾನುವಾರ ನಡೆದೇ ಹೋಗಿ ಬನ್ನಿ. ಮೇಲಿನವರೆಗೆ ರಸ್ತೆ ಇದೆ, ಬಿಟ್ಟುಬಿಡಿ.

ಸಪಾಟಾದ ದಾರಿಯಲ್ಲಿ ಗಂಟೆಗೆ 3–4 ಕಿಲೋಮೀಟರ್ ಅಂತ ಹಿಡಿಯಿರಿ. ಏರು ಬಂದರೆ ಪ್ರತಿ 100 ಮೀಟರ್ ಎತ್ತರಕ್ಕೆ ಹತ್ತು ನಿಮಿಷ ಸೇರಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರನ್ನು ಮುಂದೆ ಬಿಡಿ, ಗಟ್ಟಿಗರು ಹಿಂದೆ ಬರಲಿ. ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ನೀರು. ವಾಪಸ್ ತಿರುಗುವ ಸಮಯವನ್ನು ಹೊರಡುವ ಮೊದಲೇ ಗೊತ್ತು ಮಾಡಿ. ತುದಿ ಹತ್ತೇ ನಿಮಿಷದ ದಾರಿ ಉಳಿದಿದ್ದರೂ ಆ ಹೊತ್ತಿಗೆ ತಿರುಗಿಬಿಡಬೇಕು. ಇದು ಕಷ್ಟ, ಆದರೆ ಗುಡ್ಡದಲ್ಲಿ ಕತ್ತಲಿಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಆ ಹತ್ತು ನಿಮಿಷಕ್ಕಾಗಿಯೇ ಸಿಕ್ಕಿಕೊಳ್ಳುತ್ತಾರೆ.

ಕೋಟೆ ಗೋಡೆ, ಮುಂದಕ್ಕೆ ಚಾಚಿದ ಬಂಡೆಯ ಕೆಳಗೆ ಹೆಜ್ಜೇನು ಇರುತ್ತದೆ. ಅಲ್ಲಿ ಹೊಗೆ, ಸೆಂಟು, ಕೂಗಾಟ, ಕಲ್ಲೆಸೆತ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಓಡಿ, ನಿಂತು ಕೈ ಬೀಸಬೇಡಿ. ಖಾನಾಪುರ ಕಡೆಯ ದಾರಿಗಳಲ್ಲಿ ಫೋನ್ ಸಿಗ್ನಲ್ ಬಹಳ ಕಡೆ ಇರುವುದಿಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಬನ್ನಿ. ಕರಡಿ ಇರುವ ಸೀಮೆಯಲ್ಲಿ ಮಾತಾಡುತ್ತಾ ನಡೆಯುವುದು ಒಳ್ಳೆಯದು. ಸದ್ದು ಕೇಳಿದರೆ ಅದೇ ಸರಿದುಹೋಗುತ್ತದೆ.

ಹೊರಡುವಾಗ, ಮನೆಗೆ ಬಂದ ಮೇಲೆ

ಒಂದು ಗೋಣಿಚೀಲ ಕಸಕ್ಕೇ ಇಡಿ. ನಿಮ್ಮದಷ್ಟೇ ಅಲ್ಲ, ಕಾಲಿಗೆ ಸಿಕ್ಕ ಬೇರೆಯವರ ಬಾಟಲಿಯನ್ನೂ ತುಂಬಿ. ಗಾಜಿನ ಚೂರು ಬಿದ್ದರೆ ಅದು ಹೋಗುವುದು ಎತ್ತಿನ ಗೊರಸಿಗೆ, ಬಿತ್ತುವವರ ಬರಿಗಾಲಿಗೆ. ಒಲೆಯ ಕಲ್ಲು ಮೊದಲಿದ್ದ ಜಾಗಕ್ಕೆ ಇಡಿ, ಬೂದಿ ಹೊಲಕ್ಕೆ ಹರಡಿ. ಹೊಲದವರನ್ನು ಕರೆದು ಜಾಗ ತೋರಿಸಿಯೇ ಹೊರಡಿ. ಮುಂದೆ ಬರುವವರಿಗೂ ಜಾಗ ಸಿಗಬೇಕಲ್ಲ.

ವಾಪಸ್ ಬರುವುದು ಬೆಳಕಿರುವಾಗಲೇ ಇರಲಿ. ಚಳಿಗಾಲ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ದೀಪ ಇಲ್ಲದೆ ರಸ್ತೆಯಲ್ಲಿ ಇರುತ್ತವೆ.

ಮನೆಯಲ್ಲಿ ಟೆಂಟ್ ಬಿಚ್ಚಿ, ಮಾಳಿಗೆ ಮೇಲೆ ಪೂರ್ತಿ ಒಣಗಿಸಿ ಆಮೇಲೆ ಮಡಚಿ. ಕಾಡಿನ ಕಡೆ ಹೋದವರು ಅವತ್ತೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಕಂಕುಳು, ಸೊಂಟ, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ಉಣ್ಣೆ ಕಚ್ಚಿದೆಯಾ ನೋಡಿ. ಕಚ್ಚಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಸುಡಬೇಡಿ, ಹಿಸುಕಬೇಡಿ. ಮಲೆನಾಡು, ಘಟ್ಟದ ಕಾಡುಗಳಲ್ಲಿ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಜಾಸ್ತಿ ಡಿಸೆಂಬರ್‌ನಿಂದ ಮೇ ನಡುವೆ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ, ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಅನ್ನುವುದನ್ನು ಮೊದಲ ಮಾತಿಗೇ ಹೇಳಿ.